ಮುಳುಗಿರುವ ಸಬ್‌ಮರೀನ್‌ಗೆ ಸುದ್ದಿ ಮುಟ್ಟಿಸುವುದು ಹೇಗೆ?

2024ರ ಅಕ್ಟೋಬರ್ 15ರಂದು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ದಾಮಗುಂಡಂ ಕಾಡಿನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಒಂದು ಶಂಕುಸ್ಥಾಪನೆ ಮಾಡಿದರು. ಕಟ್ಟಿಸುತ್ತಿರುವುದು ನೌಕಾಪಡೆ. ಜಾಗ ಸುಮಾರು 2,900 ಎಕರೆ, ಅಂದಾಜು ವೆಚ್ಚ 3,200 ಕೋಟಿ ರೂಪಾಯಿ. ನಮ್ಮ ಬೀದರ್, ಸೇಡಂ, ಚಿಂಚೋಳಿ ಕಡೆಯವರಿಗೆ ವಿಕಾರಾಬಾದ್ ಅಂದರೆ ಹೈದರಾಬಾದಿಗೆ ಹೋಗುವಾಗ ಸಿಗುವ ರೈಲು ಜಂಕ್ಷನ್. ಅಲ್ಲಿಂದ ಅತಿ ಹತ್ತಿರದ ಕಡಲತೀರಕ್ಕೇ ಸುಮಾರು 300 ಕಿಲೋಮೀಟರ್ ಆಗುತ್ತದೆ. ಕಡಲೇ ಇಲ್ಲದ ಕಡೆ ನೌಕಾಪಡೆಗೇನು ಕೆಲಸ?

ಅಲ್ಲಿ ಬರುತ್ತಿರುವುದು ಒಂದು ರೇಡಿಯೋ ಸ್ಟೇಷನ್. ಅದರ ಕೇಳುಗರು ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರ, ಹಿಂದೂ ಮಹಾಸಾಗರದ ನೀರಿನಡಿ ಓಡಾಡುವ ನಮ್ಮ ಜಲಾಂತರ್ಗಾಮಿಗಳು. ಇಂಥದ್ದೇ ಒಂದು ಸ್ಟೇಷನ್ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂನಲ್ಲಿ 1990ರಿಂದ ಕೆಲಸ ಮಾಡುತ್ತಿದೆ. ಅದರ ಹೆಸರು ಐಎನ್‌ಎಸ್ ಕಟ್ಟಬೊಮ್ಮನ್. ಐಎನ್‌ಎಸ್ ಅಂದ ಕೂಡಲೇ ಹಡಗು ಅಂದುಕೊಳ್ಳಬೇಡಿ. ದಡದ ಮೇಲಿನ ನೆಲೆಗಳಿಗೂ ನೌಕಾಪಡೆ ಹಾಗೇ ಹೆಸರಿಡುತ್ತದೆ, ನಮ್ಮ ಕಾರವಾರದ ಐಎನ್‌ಎಸ್ ಕದಂಬದ ಹಾಗೆ. ದಾಮಗುಂಡಂ ಎರಡನೆಯ ಸ್ಟೇಷನ್.

ಇಂಥ ಸ್ಟೇಷನ್‌ಗೆ ಸಾವಿರಾರು ಎಕರೆ ಯಾಕೆ ಬೇಕು? ಕುತುಬ್ ಮಿನಾರ್‌ನ ಆರು ಪಟ್ಟು ಎತ್ತರದ ಟವರ್ ಯಾಕೆ? ಅಷ್ಟೆಲ್ಲ ಮಾಡಿಯೂ ಒಂದು ಸಣ್ಣ ಫೋಟೋ ಕಳಿಸುವುದಕ್ಕೂ ಒದ್ದಾಡುವಷ್ಟು ನಿಧಾನ ಯಾಕೆ? ಮೂರಕ್ಕೂ ಉತ್ತರ ಉಪ್ಪುನೀರಿನಲ್ಲಿದೆ.

ಉಪ್ಪುನೀರು ಮಾಡುವ ಕಿತಾಪತಿ

ರೇಡಿಯೋ ಅಲೆ ಗಾಳಿಯಲ್ಲಿ ಆರಾಮಾಗಿ ಹೋಗುತ್ತದೆ. ಗೋಡೆ ದಾಟಿಯೂ ಸ್ವಲ್ಪ ಹೋಗುತ್ತದೆ. ಆದರೆ ಸಮುದ್ರದ ನೀರು ಅದಕ್ಕೆ ಜಾಗ ಕೊಡುವುದಿಲ್ಲ. ಆ ನೀರಿನಲ್ಲಿ ಕರಗಿದ ಉಪ್ಪು ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಾಗಿ ಒಡೆದು ತೇಲುತ್ತಿರುತ್ತದೆ. ಒಂದೊಂದು ಅಯಾನಿಗೂ ವಿದ್ಯುದಂಶ ಇದೆ. ರೇಡಿಯೋ ಅಲೆ ನೀರಿಗೆ ಇಳಿದ ಕೂಡಲೇ ಅದರ ವಿದ್ಯುತ್ ಕ್ಷೇತ್ರ ಈ ಅಯಾನುಗಳನ್ನು ಅತ್ತಿತ್ತ ತಳ್ಳುತ್ತದೆ. ಅಂದರೆ ನೀರಿನೊಳಗೇ ಕರೆಂಟ್ ಹರಿಯುತ್ತದೆ. ಆ ಕರೆಂಟ್ ತನ್ನದೇ ಒಂದು ಕ್ಷೇತ್ರ ಹುಟ್ಟಿಸಿ, ಒಳಗೆ ಬರುತ್ತಿರುವ ಅಲೆಯನ್ನೇ ಎದುರಿಸಿ ನಿಲ್ಲುತ್ತದೆ. ಅಲೆಯ ಶಕ್ತಿ ನೀರಿನಲ್ಲಿ ಶಾಖವಾಗಿ ಮುಗಿದುಹೋಗುತ್ತದೆ. ಕೆರೆ, ನದಿಯ ಸಿಹಿನೀರಿನಲ್ಲಿ ಉಪ್ಪು ಕಮ್ಮಿ, ಹಾಗಾಗಿ ಅಲ್ಲಿ ಈ ಕಾಟವೂ ಕಮ್ಮಿ.

ಇಲ್ಲಿ ಒಂದು ಲೆಕ್ಕ ನಮ್ಮ ಸಹಾಯಕ್ಕೆ ಬರುತ್ತದೆ. ಅಲೆ ಎಷ್ಟು ಬೇಗ ಬೇಗ ದಿಕ್ಕು ಬದಲಿಸುತ್ತದೋ ಅಷ್ಟು ಮೇಲೆಯೇ ಸಾಯುತ್ತದೆ. ನಿಧಾನವಾದಷ್ಟೂ ಆಳಕ್ಕೆ ಇಳಿಯುತ್ತದೆ. ಫ್ರೀಕ್ವೆನ್ಸಿಯನ್ನು, ಅಂದರೆ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವುದನ್ನು, 100 ಪಟ್ಟು ಇಳಿಸಿದರೆ ಅಲೆ 10 ಪಟ್ಟು ಆಳ ಹೋಗುತ್ತದೆ.

ನಾವು ಮನೆಯಲ್ಲಿ ಕೇಳುವ ಎಫ್‌ಎಂ ಸುಮಾರು 100 ಮೆಗಾಹರ್ಟ್ಜ್‌ನಲ್ಲಿದೆ. ಸಮುದ್ರದ ನೀರಿನಲ್ಲಿ ಪ್ರತಿ ಎರಡೂವರೆ ಸೆಂಟಿಮೀಟರ್‌ಗೆ ಅದರ ಬಲ ಮೂರನೇ ಒಂದು ಪಾಲಿನ ಆಸುಪಾಸಿಗೆ ಕುಸಿಯುತ್ತದೆ. ಒಂದು ಗೇಣು ಇಳಿಯುವಷ್ಟರಲ್ಲಿ ಕಥೆ ಮುಗಿಯಿತು. ಮೊಬೈಲ್, ವೈಫೈಗಳ ಫ್ರೀಕ್ವೆನ್ಸಿ ಇನ್ನೂ ಜಾಸ್ತಿ, ಅವು ನೀರಿನ ಮೇಲ್ಪದರವನ್ನೂ ಸರಿಯಾಗಿ ದಾಟುವುದಿಲ್ಲ. ಕಟ್ಟಬೊಮ್ಮನ್ ಸ್ಟೇಷನ್ ಬಳಸುವ ಫ್ರೀಕ್ವೆನ್ಸಿಗಳಲ್ಲಿ ಹವ್ಯಾಸಿಗಳಿಗೂ ಚೆನ್ನಾಗಿ ಗೊತ್ತಿರುವುದು 18.2 ಕಿಲೋಹರ್ಟ್ಜ್. ಎಫ್‌ಎಂನ ಐದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಇಲ್ಲಿ ಬಲ ಅಷ್ಟೇ ಕುಸಿಯುವುದಕ್ಕೆ ಸುಮಾರು 1.9 ಮೀಟರ್ ಬೇಕು.

ಸಮುದ್ರದ ಮೇಲ್ಮೈಯ ಕೆಳಗೆ ಹೊಕ್ಕ ಅಲೆ 10 ಮೀಟರ್ ಇಳಿದಾಗ ಸುಮಾರು ಇನ್ನೂರರಲ್ಲಿ ಒಂದು ಪಾಲು ಉಳಿದಿರುತ್ತದೆ. 20 ಮೀಟರ್‌ಗೆ ನಲವತ್ತಾರು ಸಾವಿರದಲ್ಲಿ ಒಂದು ಪಾಲು. 30 ಮೀಟರ್‌ಗೆ ಕೋಟಿಯಲ್ಲಿ ಒಂದು ಪಾಲು. ಇದು ಬರೀ ಕಾಗದದ ಮೇಲಿನ ಅಂಕಿ ಅನ್ನಿಸಬಹುದು. ಆದರೆ ಸಬ್‌ಮರೀನ್‌ನ ಕ್ಯಾಪ್ಟನ್ ಎಷ್ಟು ಆಳದಲ್ಲಿದ್ದರೆ ತನ್ನ ದೇಶದ ಮಾತು ಕೇಳಿಸುತ್ತದೆ ಅನ್ನುವುದನ್ನು ಈ ಅಂಕಿಯೇ ತೀರ್ಮಾನಿಸುತ್ತದೆ. ಅದಕ್ಕೇ 3ರಿಂದ 30 ಕಿಲೋಹರ್ಟ್ಜ್‌ವರೆಗಿನ ಈ ಪಟ್ಟಿಯನ್ನು, ಅಂದರೆ ವೆರಿ ಲೋ ಫ್ರೀಕ್ವೆನ್ಸಿ ಅಥವಾ ವಿಎಲ್‌ಎಫ್ ಅನ್ನುವುದನ್ನು, ಜಗತ್ತಿನ ನೌಕಾಪಡೆಗಳು ಇಷ್ಟು ನೆಚ್ಚಿಕೊಂಡಿವೆ. ನೀರಿನಡಿ ಹತ್ತಿಪ್ಪತ್ತು ಮೀಟರ್ ಆಳಕ್ಕೆ ಇದು ನಂಬಿಕೆಯಿಂದ ಮುಟ್ಟುತ್ತದೆ.

ಇನ್ನೊಂದು ಲಾಭವೂ ಇದೆ. ವಿಎಲ್‌ಎಫ್ ಅಲೆಗಳು ಭೂಮಿಯ ಮೇಲ್ಮೈ ಮತ್ತು ಮೇಲೆ ವಾತಾವರಣದಲ್ಲಿ ವಿದ್ಯುದಂಶ ತುಂಬಿದ ಪದರವಾದ ಅಯಾನುಗೋಳದ ನಡುವೆ ಸಿಕ್ಕಿಕೊಂಡು ಹೋಗುತ್ತವೆ. ಅಯಾನುಗೋಳದ ತಳ ಹಗಲಲ್ಲಿ ಸುಮಾರು 70 ಕಿ.ಮೀ., ರಾತ್ರಿ ಸುಮಾರು 90 ಕಿ.ಮೀ. ಎತ್ತರದಲ್ಲಿರುತ್ತದೆ. ಕೆಳಗೆ ನೆಲ, ಮೇಲೆ ಅಯಾನುಗೋಳ. ಎರಡೂ ಅಲೆಯನ್ನು ತಿರುಗಿ ಕಳಿಸುತ್ತವೆ. ಹಾಗಾಗಿ ಅದು ಭೂಮಿಯ ಗುಂಡಗಿನ ಬೆನ್ನು ಹಿಡಿದು ಸಾವಿರಾರು ಕಿಲೋಮೀಟರ್ ಸಾಗುತ್ತದೆ, ದಾರಿಯಲ್ಲಿ ಹೆಚ್ಚು ಬಲ ಕಳೆದುಕೊಳ್ಳುವುದೂ ಇಲ್ಲ. ಇಂಥ ಅಲೆಗೆ ವಿಕಾರಾಬಾದಿನಿಂದ ಕಡಲವರೆಗಿನ 300 ಕಿಲೋಮೀಟರ್ ಒಂದು ಲೆಕ್ಕವೇ ಅಲ್ಲ. ಸ್ಟೇಷನ್ ದಡದಲ್ಲೇ ಇರಬೇಕೆಂಬ ನಿಯಮವಿಲ್ಲ. ಅದಕ್ಕೆ ಬೇಕಾದ್ದು ವಿಶಾಲ ಜಾಗ.

471 ಮೀಟರ್ ಎತ್ತರವೂ ಸಾಲದು

18.2 ಕಿಲೋಹರ್ಟ್ಜ್‌ನ ಒಂದು ಅಲೆಯ ಉದ್ದ ಸುಮಾರು ಹದಿನಾರೂವರೆ ಕಿಲೋಮೀಟರ್. ರೇಡಿಯೋ ಎಂಜಿನಿಯರ್‌ಗಳು ನೆಟ್ಟಗೆ ನಿಲ್ಲಿಸುವ ಆಂಟೆನಾವನ್ನು ಅಲೆಯ ಉದ್ದದ ನಾಲ್ಕನೇ ಒಂದು ಪಾಲು ಇಡಲು ಬಯಸುತ್ತಾರೆ. ಆಗ ಕೊಟ್ಟ ಶಕ್ತಿಯೆಲ್ಲ ಸಲೀಸಾಗಿ ಹೊರಗೆ ಹೋಗುತ್ತದೆ. ಇಲ್ಲಿ ಆ ಲೆಕ್ಕ ಹಾಕಿದರೆ ನಾಲ್ಕು ಕಿಲೋಮೀಟರ್ ಮೀರಿದ ಟವರ್ ಬೇಕು. ದುಬೈನ ಬುರ್ಜ್ ಖಲೀಫಾ 828 ಮೀಟರ್ ಮಾತ್ರ. ಕಟ್ಟಬೊಮ್ಮನ್‌ನ ಅತಿ ಎತ್ತರದ ಮಾಸ್ಟ್, ಅಂದರೆ ಆಂಟೆನಾದ ಕಂಬ, 471 ಮೀಟರ್. ಭಾರತದಲ್ಲಿ ಮನುಷ್ಯ ಕಟ್ಟಿ ನಿಲ್ಲಿಸಿದ ಅತಿ ಎತ್ತರದ ರಚನೆ ಅದು. ಆದರೂ ಅಲೆಯ ಉದ್ದದ ಸುಮಾರು ಮೂವತ್ತೈದನೇ ಒಂದು ಪಾಲು ಅಷ್ಟೇ!

ಎತ್ತರ ಕಮ್ಮಿ ಇದ್ದರೆ ಏನು ಮಾಡಬೇಕು? ಅಡ್ಡಡ್ಡ ಹರಡಬೇಕು. ಮಾಸ್ಟಿನ ತಲೆಯಿಂದ ಸುತ್ತಲಿನ ಮಾಸ್ಟ್‌ಗಳಿಗೆ ದಪ್ಪ ತಂತಿಗಳನ್ನು ಎಳೆದು ಆಕಾಶದಲ್ಲಿ ಒಂದು ದೊಡ್ಡ ಚಪ್ಪರ ಮಾಡುತ್ತಾರೆ. ಆ ಚಪ್ಪರ ಮತ್ತು ನೆಲ ಸೇರಿ ವಿದ್ಯುದಂಶ ಹಿಡಿದಿಡುವ ಒಂದು ಬೃಹತ್ ಕೆಪಾಸಿಟರ್ ಆಗುತ್ತದೆ. ಅದಕ್ಕೆ ಸರಿದೂಗಿಸಲು ಕೆಳಗಿನ ಕಟ್ಟಡದಲ್ಲಿ ಆಳೆತ್ತರಕ್ಕೂ ಮೀರಿದ ತಂತಿಸುರುಳಿಗಳು ಇರುತ್ತವೆ. ಆಂಟೆನಾದ ಮೇಲಿನ ವೋಲ್ಟೇಜ್ ಲಕ್ಷ ದಾಟುತ್ತದೆ. ಅದಕ್ಕೇ ಇನ್ಸುಲೇಟರ್‌ಗಳು ಅಷ್ಟು ಉದ್ದ.

ನೆಲದ ಕೆಳಗೂ ಅಷ್ಟೇ ಕೆಲಸ ಇದೆ. ಇಷ್ಟು ಗಿಡ್ಡ ಆಂಟೆನಾ ಹೊರಸೂಸುವ ಶಕ್ತಿಯನ್ನು ಎಂಜಿನಿಯರ್‌ಗಳು ಒಂದು ರೋಧದ ರೂಪದಲ್ಲಿ ಲೆಕ್ಕ ಹಾಕುತ್ತಾರೆ. ಅದು ಒಂದು ಓಮ್‌ಗಿಂತಲೂ ಕಡಿಮೆ ಬರುತ್ತದೆ. ಮಣ್ಣಿನ ರೋಧ ಅದಕ್ಕಿಂತ ಜಾಸ್ತಿ ಇದ್ದರೆ ಕೊಟ್ಟ ಕರೆಂಟೆಲ್ಲ ಮಣ್ಣು ಬಿಸಿ ಮಾಡುವುದರಲ್ಲೇ ಹೋಗುತ್ತದೆ. ಅದಕ್ಕೆ ಮಾಸ್ಟ್ ಬುಡದಿಂದ ಎಲ್ಲ ದಿಕ್ಕಿಗೂ ತಾಮ್ರದ ತಂತಿಗಳನ್ನು ಹೂಳುತ್ತಾರೆ. ಸಾವಿರಾರು ಎಕರೆ ಹೋಗುವುದು ಇಲ್ಲಿ: ಮೇಲೆ ತಂತಿಯ ಚಪ್ಪರ, ಕೆಳಗೆ ತಾಮ್ರದ ಬೇರು, ಸುತ್ತ ಜನ ಸುಳಿಯದ ಖಾಲಿ ಜಾಗ.

ಬೇರೆ ದೇಶಗಳು ಈ ಕಷ್ಟಕ್ಕೆ ಕಂಡುಕೊಂಡ ದಾರಿಗಳನ್ನು ನೋಡುವುದೇ ಒಂದು ಖುಷಿ. ಅಮೆರಿಕದ ಮೇನ್ ರಾಜ್ಯದ ಕಟ್ಲರ್‌ನಲ್ಲಿ 1961ರಲ್ಲಿ ಶುರುವಾದ ಸ್ಟೇಷನ್‌ನಲ್ಲಿ 26 ಟವರ್‌ಗಳಿವೆ, 13ರ ಎರಡು ಗುಂಪು. ಮೂರು ಕಡೆ ಸಮುದ್ರ ಸುತ್ತಿದ ಜಾಗ. ನಮ್ಮ ಶತ್ರುವಾದ ಅದೇ ಉಪ್ಪುನೀರು ಅಲ್ಲಿ ಒಳ್ಳೆಯ ಅರ್ತಿಂಗ್ ಆಗಿ ಕೆಲಸಕ್ಕೆ ಬರುತ್ತದೆ. ಚಳಿಗಾಲದಲ್ಲಿ ತಂತಿಗಳ ಮೇಲೆ ಹಿಮ ಗಟ್ಟಿಯಾದರೆ ಒಂದು ಗುಂಪಿನ ತಂತಿಗೆ ಬರೀ ಬಿಸಿ ಮಾಡಲು ಕರೆಂಟ್ ಹಾಯಿಸುತ್ತಾರೆ. ಆ ಹೊತ್ತಿನಲ್ಲಿ ಇನ್ನೊಂದು ಗುಂಪು ಪ್ರಸಾರ ನಡೆಸುತ್ತದೆ. ಪ್ರಸಾರ ಒಂದು ಗಳಿಗೆಯೂ ನಿಲ್ಲಬಾರದು, ಅದಕ್ಕೆ ಎರಡು. ವಾಷಿಂಗ್ಟನ್ ರಾಜ್ಯದ ಜಿಮ್ ಕ್ರೀಕ್‌ನಲ್ಲಿ ದೊಡ್ಡ ಮಾಸ್ಟ್‌ಗಳ ಗೊಡವೆಗೇ ಹೋಗದೆ ಎರಡು ಬೆಟ್ಟಗಳ ನಡುವಿನ ಕಣಿವೆಗೆ ಅಡ್ಡಲಾಗಿ ತಂತಿ ಕಟ್ಟಿದರು. ಘಟ್ಟ ನೋಡಿದವರಿಗೆ ಆ ಯೋಚನೆಯ ಸೊಗಸು ತಕ್ಷಣ ಗೊತ್ತಾಗುತ್ತದೆ.

ಆಸ್ಟ್ರೇಲಿಯಾದ ವಾಯವ್ಯ ತುದಿಯ ಎಕ್ಸ್‌ಮೌತ್‌ನಲ್ಲಿರುವ ಸ್ಟೇಷನ್‌ಗೆ ಹೆರಾಲ್ಡ್ ಹೋಲ್ಟ್ ಅವರ ಹೆಸರು. ಅವರು ಆಸ್ಟ್ರೇಲಿಯಾದ ಪ್ರಧಾನಿಯಾಗಿದ್ದವರು. 1967ರ ಡಿಸೆಂಬರ್‌ನಲ್ಲಿ ಸಮುದ್ರದಲ್ಲಿ ಈಜಲು ಇಳಿದವರು ಮತ್ತೆ ಸಿಗಲೇ ಇಲ್ಲ. ಅದರ 19.8 ಕಿಲೋಹರ್ಟ್ಜ್‌ನ ಸಿಗ್ನಲ್ ಹಿಂದೂ ಮಹಾಸಾಗರ ದಾಟಿ ನಮ್ಮಲ್ಲಿಗೂ ಬರುತ್ತದೆ.

ದೊಡ್ಡ ಆಂಟೆನಾ, ಸಣ್ಣ ಮಾತು

ಇಷ್ಟು ಖರ್ಚು ಮಾಡಿ ಎಷ್ಟು ಮಾತು ಕಳಿಸಬಹುದು? ಸೆಕೆಂಡಿಗೆ ಸುಮಾರು 200 ಬಿಟ್. 2 ಎಂಬಿಯ ಒಂದು ವಾಟ್ಸ್ಆ್ಯಪ್ ಫೋಟೋ ಕಳಿಸಲು ಈ ವೇಗದಲ್ಲಿ 22 ಗಂಟೆ ಹಿಡಿಯುತ್ತದೆ. ದನಿ ಕಳಿಸುವುದಂತೂ ಸಾಧ್ಯವೇ ಇಲ್ಲ. ಹೋಗುವುದು ಅಕ್ಷರ ಮಾತ್ರ, ಅದೂ ಗೂಢಲಿಪಿಯಲ್ಲಿ.

ವೇಗ ಇಷ್ಟು ಕಡಿಮೆ ಆಗುವುದಕ್ಕೆ ಕಾರಣ ಆ ಆಂಟೆನಾವೇ. ಅಲೆಗೆ ಹೋಲಿಸಿದರೆ ಗಿಡ್ಡ ಇರುವುದರಿಂದ ಅದನ್ನು ಸುರುಳಿಗಳ ಜೊತೆ ಸೇರಿಸಿ ಒಂದೇ ಫ್ರೀಕ್ವೆನ್ಸಿಗೆ ತುಂಬಾ ಬಿಗಿಯಾಗಿ ಟ್ಯೂನ್ ಮಾಡಿರುತ್ತಾರೆ. ದೇವಸ್ಥಾನದ ದೊಡ್ಡ ಗಂಟೆಯನ್ನು ನೆನೆಸಿಕೊಳ್ಳಿ. ಒಮ್ಮೆ ಹೊಡೆದರೆ ಬಹಳ ಹೊತ್ತು ಒಂದೇ ನಾದ ಗುಂಯ್‌ಗುಡುತ್ತದೆ. ಅದರ ಮೇಲೆ ತನಿಯಾವರ್ತನದ ಲಯ ನುಡಿಸಲು ಹೋದರೆ ಒಂದು ಪೆಟ್ಟು ಇನ್ನೊಂದರಲ್ಲಿ ಕಲಸಿಹೋಗುತ್ತದೆ. ಈ ಆಂಟೆನಾವೂ ಹಾಗೇ. ಬೇಗ ಬೇಗ ಬದಲಾಗುವ ಸಂಕೇತ ಕೊಟ್ಟರೆ ಅದು ಹಿಂಬಾಲಿಸುವುದಿಲ್ಲ. ಜೊತೆಗೆ, ಫ್ರೀಕ್ವೆನ್ಸಿಯೇ 18 ಕಿಲೋಹರ್ಟ್ಜ್ ಇರುವಾಗ ಅದರೊಳಗೆ ತುಂಬಿಸಲು ಜಾಗವೂ ಅಷ್ಟಕ್ಕಷ್ಟೆ.

ನೀರಿನಡಿ ಕೇಳುವವನ ಪಾಡು

ಈಗ ಸಬ್‌ಮರೀನ್ ಕಡೆಗೆ ಬರೋಣ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ತುಂಬಾ ಚೆಂದದ ಭಾಗ ಇದು.

ಸಬ್‌ಮರೀನ್ ಉದ್ದನೆಯ ತೇಲುವ ತಂತಿಯೊಂದನ್ನು ಹಿಂದೆ ಬಿಡುತ್ತದೆ. ನೂರಾರು ಮೀಟರ್ ಉದ್ದದ ಆ ತಂತಿ ನೀರಿನ ಮೇಲ್ಮೈ ಹತ್ತಿರ ತೇಲುತ್ತಾ ಬರುತ್ತದೆ. ಇಲ್ಲವೇ ಸುರುಳಿ ಆಂಟೆನಾ ಇರುವ ಒಂದು ಸಣ್ಣ ತೇಲುಬುರುಡೆಯನ್ನು ಕೇಬಲ್‌ಗೆ ಕಟ್ಟಿ ಮೇಲಕ್ಕೆ ಬಿಡುತ್ತಾರೆ. ಹಡಗು ಆಳದಲ್ಲೇ ಇರುತ್ತದೆ, ಕಿವಿ ಮಾತ್ರ ಮೇಲೆ. ಇದಕ್ಕೂ ಬೆಲೆ ಇದೆ. ತಂತಿ ಬಿಟ್ಟಿರುವಾಗ ಜೋರಾಗಿ ಹೋಗುವಂತಿಲ್ಲ, ಗಕ್ಕನೆ ತಿರುಗುವಂತಿಲ್ಲ.

ನಲವತ್ತಾರು ಸಾವಿರದಲ್ಲಿ ಒಂದು ಪಾಲು ಉಳಿದ ಸಿಗ್ನಲ್ ಅರ್ಥವಾಗುವುದಾದರೂ ಹೇಗೆ? ಈ ಫ್ರೀಕ್ವೆನ್ಸಿಯಲ್ಲಿ ರೇಡಿಯೋಗೆ ಕಾಟ ಕೊಡುವ ಮುಖ್ಯ ಗದ್ದಲ ಸಿಡಿಲಿನದು. ಜಗತ್ತಿನಲ್ಲಿ ಎಲ್ಲಾದರೂ ಒಂದು ಕಡೆ ಯಾವಾಗಲೂ ಮಿಂಚುತ್ತಲೇ ಇರುತ್ತದೆ. ಆ ಮಿಂಚೂ ವಿಎಲ್‌ಎಫ್ ಅಲೆ ಹುಟ್ಟಿಸುತ್ತದೆ, ಅದೂ ಸಾವಿರಾರು ಕಿಲೋಮೀಟರ್ ಬರುತ್ತದೆ. ಗಾಳಿಯಲ್ಲಿ ಕೂತು ಕೇಳುವವನಿಗೆ ಇದರದ್ದೇ ದೊಡ್ಡ ತಲೆನೋವು. ಆದರೆ ನೀರಿಗೆ ಇಳಿದಾಗ ಉಪ್ಪುನೀರು ಸಿಗ್ನಲ್ ಅನ್ನು ಎಷ್ಟು ಕುಗ್ಗಿಸುತ್ತದೋ ಸಿಡಿಲಿನ ಗದ್ದಲವನ್ನೂ ಅಷ್ಟೇ ಕುಗ್ಗಿಸುತ್ತದೆ. ಎರಡೂ ಒಟ್ಟಿಗೆ ಇಳಿಯುತ್ತವೆ, ಅವುಗಳ ನಡುವಿನ ಅಂತರ ಹಾಗೇ ಉಳಿಯುತ್ತದೆ. ಹಾಗಾಗಿ ಮೊದಲ ಕೆಲವು ಮೀಟರ್ ಆಳದವರೆಗೆ ಕೇಳುವುದು ಅಷ್ಟೇನೂ ಕಷ್ಟವಾಗುವುದಿಲ್ಲ. ಕಷ್ಟ ಶುರುವಾಗುವುದು ಇವೆರಡೂ ಸೊರಗಿ, ಸಬ್‌ಮರೀನ್‌ನ ರಿಸೀವರ್ ತನ್ನೊಳಗೇ ಹುಟ್ಟಿಸುವ ಗದ್ದಲಕ್ಕಿಂತ ಕೆಳಗೆ ಹೋದಾಗ. ಆ ಗೆರೆಯೇ ಆಳದ ಮಿತಿ. ದಡದಲ್ಲಿ ಮೆಗಾವ್ಯಾಟ್ ಶಕ್ತಿ ಸುರಿಯುವುದು ಆ ಗೆರೆಯನ್ನು ಇನ್ನೊಂದೆರಡು ಮೀಟರ್ ಕೆಳಗೆ ತಳ್ಳುವುದಕ್ಕೆ, ದೂರದ ಸಿಡಿಲನ್ನು ಮೀರಿ ಕೇಳಿಸುವುದಕ್ಕೆ.

ಕೇಳಿಸಿಕೊಂಡ ಸಬ್‌ಮರೀನ್ ಉತ್ತರ ಕೊಡುವುದಿಲ್ಲ. ಕೊಡಲು ಆಗುವುದೂ ಇಲ್ಲ, 471 ಮೀಟರ್ ಮಾಸ್ಟ್ ಅನ್ನು ಹಡಗಿಗೆ ಕಟ್ಟಲಾಗುತ್ತದೆಯೇ? ಹಾಗಾಗಿ ಇದು ಒಮ್ಮುಖ ಸಂಪರ್ಕ. ದಡದವರು ಹಗಲೂ ರಾತ್ರಿ ಪ್ರಸಾರ ಮಾಡುತ್ತಲೇ ಇರುತ್ತಾರೆ. ಸಂದೇಶಗಳಿಗೆ ಸರದಿ ಸಂಖ್ಯೆ ಇರುತ್ತದೆ, ಮತ್ತೆ ಮತ್ತೆ ಕಳಿಸುತ್ತಾರೆ. ನಡುವೆ ಒಂದು ತಪ್ಪಿದರೆ ಸಬ್‌ಮರೀನ್‌ಗೆ ಸಂಖ್ಯೆ ನೋಡಿ ಗೊತ್ತಾಗುತ್ತದೆ, ಮುಂದಿನ ಸಲಕ್ಕೆ ಕಾಯುತ್ತದೆ. ಹೇಳುವುದೇನೂ ಇಲ್ಲದಾಗಲೂ ಪ್ರಸಾರ ನಿಲ್ಲಿಸುವುದಿಲ್ಲ. ನಿಲ್ಲಿಸಿ ಶುರುಮಾಡಿದರೆ, ಇವತ್ತು ಏನೋ ನಡೆಯುತ್ತಿದೆ ಎಂದು ಕದ್ದು ಕೇಳುವವನಿಗೆ ತಾನೇ ಹೇಳಿಕೊಟ್ಟಂತೆ ಅಲ್ವಾ?

ಸುಮ್ಮನಿರುವುದರ ಬೆಲೆಯನ್ನು ಎರಡನೇ ಮಹಾಯುದ್ಧ ಕಲಿಸಿತ್ತು. ಜರ್ಮನಿಯ ಯು-ಬೋಟ್‌ಗಳು ಮೇಲೆ ಬಂದು ಶಾರ್ಟ್‌ವೇವ್‌ನಲ್ಲಿ ದಡಕ್ಕೆ ವರದಿ ಕಳಿಸುತ್ತಿದ್ದವು. ಮಿತ್ರರಾಷ್ಟ್ರಗಳು ದಿಕ್ಕು ಹಿಡಿಯುವ ರಿಸೀವರ್‌ಗಳಿಂದ ಆ ಸಿಗ್ನಲ್ ಬಂದ ಜಾಗ ಪತ್ತೆ ಮಾಡಿ ಬೇಟೆಯಾಡಿದವು. ಅದೇ ಜರ್ಮನಿ 1943ರಲ್ಲಿ ಕಾಲ್ಬೆ ಎಂಬ ಊರಿನಲ್ಲಿ ಗೋಲಿಯಾತ್ ಎಂಬ ಒಂದು ಮೆಗಾವ್ಯಾಟ್‌ನ ವಿಎಲ್‌ಎಫ್ ಸ್ಟೇಷನ್ ಶುರುಮಾಡಿತು. ಮುಳುಗಿರುವ ಹಡಗಿಗೂ ಅದರ ಮಾತು ಮುಟ್ಟುತ್ತಿತ್ತು. ಯುದ್ಧ ಮುಗಿದ ಮೇಲೆ ಸೋವಿಯತ್ ಸೇನೆ ಇಡೀ ಸ್ಟೇಷನ್ ಬಿಚ್ಚಿ ಹೊತ್ತುಕೊಂಡು ಹೋಗಿ ನಿಜ್ನಿ ನೊವ್ಗೊರೊದ್ ಹತ್ತಿರ ಮತ್ತೆ ನಿಲ್ಲಿಸಿತು.

ಇನ್ನೂ ಆಳಕ್ಕೆ ಹೋಗಬೇಕೆಂದರೆ

ಫ್ರೀಕ್ವೆನ್ಸಿ ಇನ್ನೂ ಇಳಿಸಿದರೆ ಇನ್ನೂ ಆಳ ಹೋಗಬಹುದಲ್ಲ? ಹೋಗಬಹುದು. ಅಮೆರಿಕ 76 ಹರ್ಟ್ಜ್‌ವರೆಗೆ ಇಳಿಯಿತು. ನಮ್ಮ ಮನೆಯ ಕರೆಂಟ್ 50 ಹರ್ಟ್ಜ್, ಅದರ ಆಸುಪಾಸು! ಇದಕ್ಕೆ ಎಕ್ಸ್‌ಟ್ರೀಮ್ಲಿ ಲೋ ಫ್ರೀಕ್ವೆನ್ಸಿ ಅಥವಾ ಇಎಲ್‌ಎಫ್ ಅನ್ನುತ್ತಾರೆ. ಸಮುದ್ರದಲ್ಲಿ ಇದರ ಬಲ ಮೂರನೇ ಒಂದು ಪಾಲಿಗೆ ಕುಸಿಯಲು ಸುಮಾರು 29 ಮೀಟರ್ ಬೇಕು. ಅಂದರೆ ನೂರು ಮೀಟರ್ ಮೀರಿದ ಆಳದಲ್ಲೂ ಕೇಳಬಹುದು.

ಆದರೆ 76 ಹರ್ಟ್ಜ್‌ನ ಒಂದು ಅಲೆಯ ಉದ್ದ ಸುಮಾರು 3,900 ಕಿಲೋಮೀಟರ್. ಕಾಶ್ಮೀರದಿಂದ ಕನ್ಯಾಕುಮಾರಿಗಿಂತ ಜಾಸ್ತಿ. ಇದಕ್ಕೆ ಟವರ್ ಮಾತೇ ಇಲ್ಲ. ವಿಸ್ಕಾನ್ಸಿನ್‌ನ ಕ್ಲಾಮ್ ಲೇಕ್ ಮತ್ತು ಮಿಷಿಗನ್‌ನಲ್ಲಿ ಕಾಡಿನ ನಡುವೆ ಕಂಬಗಳ ಮೇಲೆ ಹತ್ತಾರು ಕಿಲೋಮೀಟರ್ ತಂತಿ ಎಳೆದು, ಎರಡು ತುದಿಗಳನ್ನೂ ನೆಲಕ್ಕೆ ಜೋಡಿಸಿದರು. ಕೆಳಗಿನ ಹಳೆಯ ಬಂಡೆ ಕರೆಂಟನ್ನು ಸುಲಭವಾಗಿ ಬಿಡುವುದಿಲ್ಲ, ಹಾಗಾಗಿ ಅದು ಆಳಕ್ಕೆ ಇಳಿದು ಸುತ್ತಿ ಬರುತ್ತದೆ. ಭೂಮಿಯನ್ನೇ ಆಂಟೆನಾದ ಅರ್ಧ ಭಾಗ ಮಾಡಿಕೊಂಡಂತಾಯಿತು. ವೇಗ ಎಷ್ಟು ಗೊತ್ತಾ? ಮೂರು ಅಕ್ಷರಗಳ ಒಂದು ಸಂಕೇತಕ್ಕೆ ಸುಮಾರು 15 ನಿಮಿಷ. ಅದರಲ್ಲಿ ಹೇಳಬಹುದಾದದ್ದು ಇಷ್ಟೇ: ಮೇಲೆ ಬಾ, ವಿಎಲ್‌ಎಫ್ ಅಥವಾ ಉಪಗ್ರಹದಲ್ಲಿ ಪೂರ್ತಿ ಸಂದೇಶ ಕೇಳಿಸಿಕೋ. 1989ರಲ್ಲಿ ಕೆಲಸಕ್ಕೆ ಬಂದ ಈ ವ್ಯವಸ್ಥೆಯನ್ನು 2004ರಲ್ಲಿ ಮುಚ್ಚಿದರು. ರಷ್ಯಾ ಕೋಲಾ ಪರ್ಯಾಯ ದ್ವೀಪದಲ್ಲಿ 82 ಹರ್ಟ್ಜ್‌ನ ಇಂಥದ್ದೊಂದನ್ನು ಕಟ್ಟಿತು.

ದಡದ ಸ್ಟೇಷನ್‌ಗಳೆಲ್ಲ ನಾಶವಾದರೆ? ಅದಕ್ಕೂ ಅಮೆರಿಕ ತಯಾರಿ ಮಾಡಿಕೊಂಡಿದೆ. ಇ-6ಬಿ ಮರ್ಕ್ಯುರಿ ವಿಮಾನ ಸುಮಾರು 8 ಕಿಲೋಮೀಟರ್ ಉದ್ದದ ತಂತಿಯನ್ನು ಇಳಿಬಿಡುತ್ತದೆ. ಆಮೇಲೆ ಒಂದೇ ಜಾಗದಲ್ಲಿ ಬಿಗಿಯಾಗಿ ಸುತ್ತು ಹಾಕುತ್ತದೆ. ಸುತ್ತುತ್ತಾ ಸುತ್ತುತ್ತಾ ತಂತಿ ಹೆಚ್ಚು ಕಡಿಮೆ ನೆಟ್ಟಗೆ ಕೆಳಕ್ಕೆ ಇಳಿಬೀಳುತ್ತದೆ. ನೆಲದ ಮೇಲೆ ಯಾರೂ ಕಟ್ಟಲಾಗದ ಎತ್ತರದ ಆಂಟೆನಾ ಆಕಾಶದಲ್ಲಿ ಸಿದ್ಧ.

ನಮಗೇಕೆ ಎರಡನೆಯದು?

ಡೀಸೆಲ್ ಸಬ್‌ಮರೀನ್‌ಗಳು ಬ್ಯಾಟರಿ ತುಂಬಿಸಿಕೊಳ್ಳಲು ಹೇಗೂ ಆಗಾಗ ಮೇಲ್ಮೈ ಹತ್ತಿರ ಬರಲೇಬೇಕು. ಆಗ ಆಂಟೆನಾ ಹೊರಗೆ ಚಾಚಿ ಉಪಗ್ರಹದ ಜೊತೆ ಮಾತಾಡಬಹುದು. ನೌಕಾಪಡೆಗೆಂದೇ 2013ರಲ್ಲಿ ಹಾರಿಸಿದ ಜಿಸ್ಯಾಟ್-7 ಉಪಗ್ರಹವಿದೆ. ರುಕ್ಮಿಣಿ ಅಂತಲೂ ಕರೆಯುತ್ತಾರೆ. ಅದನ್ನು ನೋಡಿಕೊಳ್ಳುವುದು ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಉಪಗ್ರಹದ ವೇಗದ ಮುಂದೆ ವಿಎಲ್‌ಎಫ್ ಏನೂ ಅಲ್ಲ. ಆದರೆ ನೀರಿನ ಮೇಲೆ ಒಂದು ಸಣ್ಣ ಕಂಬ ಕಾಣಿಸಿದರೂ ಶತ್ರುವಿನ ರೇಡಾರ್‌ಗೆ ಅದು ಸಾಕು.

ಅಣುಶಕ್ತಿಯ ಸಬ್‌ಮರೀನ್ ವಿಷಯ ಬೇರೆ. ಅದಕ್ಕೆ ಮೇಲೆ ಬರುವ ಅಗತ್ಯವೇ ಇಲ್ಲ. ಐಎನ್‌ಎಸ್ ಅರಿಹಂತ್ ತನ್ನ ಮೊದಲ ಗಸ್ತು ಮುಗಿಸಿದ ಸುದ್ದಿಯನ್ನು ಸರ್ಕಾರ 2018ರ ನವೆಂಬರ್‌ನಲ್ಲಿ ಹೇಳಿತು. 2024ರ ಆಗಸ್ಟ್‌ನಲ್ಲಿ ಐಎನ್‌ಎಸ್ ಅರಿಘಾತ್ ಸೇರಿತು. ಇವು ಅಣ್ವಸ್ತ್ರ ಕ್ಷಿಪಣಿ ಹೊರುವ ಹಡಗುಗಳು. ನಾವು ಮೊದಲು ಅಣ್ವಸ್ತ್ರ ಬಳಸುವುದಿಲ್ಲ ಎಂದು ಭಾರತ ಹೇಳಿಕೊಂಡಿದೆ. ಆ ಮಾತಿನ ಅರ್ಥ, ಮೊದಲ ಪೆಟ್ಟು ಬಿದ್ದ ಮೇಲೂ ಈ ಹಡಗು ಉಳಿದಿರಬೇಕು, ಅದಕ್ಕೆ ಪ್ರಧಾನಿ ನೇತೃತ್ವದ ಮಂಡಳಿಯ ಆದೇಶ ಮುಟ್ಟುವ ದಾರಿಯೂ ಉಳಿದಿರಬೇಕು. 471 ಮೀಟರ್‌ನ ಮಾಸ್ಟ್ ಅನ್ನು ಯಾರಿಂದಲೂ ಬಚ್ಚಿಡಲಾಗುವುದಿಲ್ಲ. ದೇಶಕ್ಕೆಲ್ಲ ಇಂಥ ಸ್ಟೇಷನ್ ಒಂದೇ ಇದ್ದರೆ ಶತ್ರು ಕೆಡವಬೇಕಾದ್ದೂ ಒಂದೇ. ಎರಡನೆಯದು ಬೇಕು ಅನ್ನುವ ವಾದದಲ್ಲಿ ತಿರುಳಿದೆ.

ದಾಮಗುಂಡಂನಲ್ಲಿ ಜನ ವಿರೋಧಿಸಿದರು. ವಿರೋಧದಲ್ಲಿ ಎರಡು ಮಾತು ಕಲಸಿಹೋಗಿವೆ, ಬಿಡಿಸಿ ನೋಡುವುದು ಒಳ್ಳೆಯದು. ಒಂದು, ರೇಡಿಯೇಷನ್ ಭಯ. ವಿಎಲ್‌ಎಫ್ ಅಲೆಗೆ ಅಣುವನ್ನು ಒಡೆಯುವ ಶಕ್ತಿಯಿಲ್ಲ. ಎಕ್ಸ್-ರೇ ಮಾಡುವಂಥ ಹಾನಿ ಅದು ಮಾಡಲಾರದು. ಆಂಟೆನಾದ ಬುಡದಲ್ಲಿ ಮಾತ್ರ ಕ್ಷೇತ್ರ ಬಲವಾಗಿರುತ್ತದೆ, ಬೇಲಿ ಇರುವುದೇ ಅದಕ್ಕೆ. ಇದರ ಬಗ್ಗೆ ಊರವರು ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಎರಡನೆಯದು ಕಾಡು. ಅದು ಮೀಸಲು ಅರಣ್ಯ. ಮೂಸಿ ನದಿ ಹುಟ್ಟುವ ಅನಂತಗಿರಿ ಬೆಟ್ಟಗಳ ಸೀಮೆ. ಮಾಸ್ಟ್‌ಗಳಿಗೂ ಹೂಳುವ ತಾಮ್ರಕ್ಕೂ ಮರ ಕಡಿಯಲೇಬೇಕು. ಇದು ಗಟ್ಟಿ ಪ್ರಶ್ನೆ, ಇದಕ್ಕೆ ರಕ್ಷಣೆಯ ಹೆಸರು ಹೇಳಿ ಬಾಯಿ ಮುಚ್ಚಿಸುವುದು ಸರಿಯಲ್ಲ. ಎಷ್ಟು ಮರ ಹೋಗುತ್ತವೆ, ಎಷ್ಟನ್ನು ಉಳಿಸಬಹುದು, ಊರವರ ದಾರಿ ಮತ್ತು ದೇವಸ್ಥಾನದ ಗತಿಯೇನು ಎಂದು ಜನ ಕೇಳುವುದು ಅವರ ಹಕ್ಕು. ರೇಡಿಯೇಷನ್ ಗುಲ್ಲಿನಲ್ಲಿ ಈ ಪ್ರಶ್ನೆ ಮುಳುಗಿಹೋದರೆ ನಷ್ಟ ಕಾಡಿಗೇ.

ಮನೆಯಲ್ಲೇ ಹಿಡಿಯಬಹುದು

ವಿಎಲ್‌ಎಫ್‌ನಿಂದ ಸಿಕ್ಕ ವಿಜ್ಞಾನವೂ ಕಡಿಮೆಯಿಲ್ಲ. 2009ರ ಜುಲೈ 22ರ ಪೂರ್ಣ ಸೂರ್ಯಗ್ರಹಣದ ದಿನ ಕೋಲ್ಕತ್ತದ ಇಂಡಿಯನ್ ಸೆಂಟರ್ ಫಾರ್ ಸ್ಪೇಸ್ ಫಿಸಿಕ್ಸ್‌ನವರು ದೇಶದ ಹಲವು ಕಡೆ ರಿಸೀವರ್ ಇಟ್ಟು ಕಟ್ಟಬೊಮ್ಮನ್‌ನ ಸಿಗ್ನಲ್ ಅಳೆದರು. ನೆರಳು ಬಿದ್ದಾಗ ಅಯಾನುಗೋಳ ಹೇಗೆ ಬದಲಾಗುತ್ತದೆ ಎಂದು ಅದರಿಂದ ಲೆಕ್ಕ ಹಾಕಿದರು. ಇಂಥ ಸ್ಟೇಷನ್‌ಗಳ ಅಲೆ ಬಾಹ್ಯಾಕಾಶಕ್ಕೂ ಸೋರಿ ಭೂಮಿಯ ಸುತ್ತ ಒಂದು ಗುಳ್ಳೆಯಂತೆ ಹರಡಿದೆ ಎಂದು ನಾಸಾದ ವ್ಯಾನ್ ಅಲೆನ್ ಪ್ರೋಬ್ ನೌಕೆಗಳ ಮಾಹಿತಿ ನೋಡಿದ ವಿಜ್ಞಾನಿಗಳು 2017ರಲ್ಲಿ ಹೇಳಿದರು.

ಹೈಸ್ಕೂಲು ಮಕ್ಕಳೂ ಮಾಡಬಹುದಾದ ಕೆಲಸ ಒಂದಿದೆ. 18.2 ಕಿಲೋಹರ್ಟ್ಜ್ ಅಂದರೆ ಕಂಪ್ಯೂಟರ್‌ನ ಸೌಂಡ್ ಕಾರ್ಡ್ ಅಳೆಯಬಲ್ಲ ವ್ಯಾಪ್ತಿ. 48 ಕಿಲೋಹರ್ಟ್ಜ್ ಸ್ಯಾಂಪ್ಲಿಂಗ್, ಅಂದರೆ ಸೆಕೆಂಡಿಗೆ 48 ಸಾವಿರ ಸಲ ಅಳೆಯುವುದು, ಇದ್ದರೆ 24 ಕಿಲೋಹರ್ಟ್ಜ್‌ವರೆಗೆ ಸಿಗುತ್ತದೆ. ಒಂದು ಮೀಟರ್ ಅಗಲದ ಮರದ ಚೌಕಟ್ಟಿಗೆ ಎನಾಮಲ್ ಹಚ್ಚಿದ ತಾಮ್ರದ ತಂತಿಯನ್ನು ಐವತ್ತು ಸುತ್ತು ಸುತ್ತಿ. ಎರಡು ತುದಿಗಳನ್ನು ಸಣ್ಣ ಆ್ಯಂಪ್ಲಿಫೈಯರ್ ಮೂಲಕ ಮೈಕ್ ಜ್ಯಾಕ್‌ಗೆ ಕೊಡಿ. ಉಚಿತವಾಗಿ ಸಿಗುವ ಯಾವುದಾದರೂ ಸ್ಪೆಕ್ಟ್ರಮ್ ಸಾಫ್ಟ್‌ವೇರ್ ತೆರೆಯಿರಿ. ಟ್ಯೂಬ್‌ಲೈಟ್, ಚಾರ್ಜರ್, ಎಲ್‌ಇಡಿ ಬಲ್ಬ್ ದೂರ ಇರಲಿ, ಅವುಗಳ ಗಲಾಟೆ ಜಾಸ್ತಿ. ಬೆಂಗಳೂರಿನಿಂದ ವಿಜಯನಾರಾಯಣಂಗೆ ಹೆಚ್ಚು ಕಡಿಮೆ 500 ಕಿಲೋಮೀಟರ್, ಸಿಗ್ನಲ್ ಚೆನ್ನಾಗಿಯೇ ಬರುತ್ತದೆ. ಪರದೆಯ ಮೇಲೆ 18.2ರ ಹತ್ತಿರ ಒಂದು ಗೆರೆ ಸಿಗಬೇಕು. ಚೌಕಟ್ಟನ್ನು ತಿರುಗಿಸಿ ನೋಡಿ, ಅದರ ಅಂಚು ತೆಂಕಣಕ್ಕೆ ಮುಖ ಮಾಡಿದಾಗ ಗೆರೆ ದಪ್ಪವಾಗುತ್ತದೆ. ಆಸ್ಟ್ರೇಲಿಯಾದ 19.8 ಬೇಕೆಂದರೆ ಆಗ್ನೇಯಕ್ಕೆ ತಿರುಗಿಸಿ.

ಸಂದೇಶ ಓದಲಾಗುವುದಿಲ್ಲ, ಅದು ಗೂಢಲಿಪಿಯಲ್ಲಿದೆ, ಅದರ ಗೊಡವೆ ನಮಗೆ ಬೇಡ. ಬಲವನ್ನು ಮಾತ್ರ ಇಡೀ ದಿನ ಗ್ರಾಫ್‌ನಲ್ಲಿ ಬರೆದಿಡಿ. ಸೂರ್ಯೋದಯ, ಸೂರ್ಯಾಸ್ತದ ಹೊತ್ತಿಗೆ ಗೆರೆ ಕುಸಿದು ಏಳುತ್ತದೆ, ಅಯಾನುಗೋಳದ ತಳ 70ಕ್ಕೂ 90 ಕಿಲೋಮೀಟರ್‌ಗೂ ನಡುವೆ ಜಾಗ ಬದಲಿಸುವ ಹೊತ್ತು ಅದು. ಹಗಲಿನಲ್ಲಿ ಯಾವ ಕಾರಣವೂ ಕಾಣದೆ ಕೆಲವೇ ನಿಮಿಷಗಳಲ್ಲಿ ಗೆರೆ ಗಕ್ಕನೆ ಜಿಗಿದು ನಿಧಾನಕ್ಕೆ ಇಳಿದರೆ, ಸೂರ್ಯನ ಮೇಲೆ ಜ್ವಾಲೆಯೊಂದು ಸಿಡಿದು ಅದರ ಎಕ್ಸ್-ರೇ ನಮ್ಮ ಅಯಾನುಗೋಳಕ್ಕೆ ಬಡಿದಿರುತ್ತದೆ. ಅಮೆರಿಕದ ಗೋಸ್ ಉಪಗ್ರಹಗಳು ಸೂರ್ಯನ ಎಕ್ಸ್-ರೇ ಅಳತೆಯನ್ನು ಎಲ್ಲರಿಗೂ ಸಿಗುವಂತೆ ಹಾಕುತ್ತವೆ. ನಿಮ್ಮ ಗ್ರಾಫ್ ಅನ್ನು ಅದರ ಪಕ್ಕ ಇಟ್ಟು ಸಮಯ ಹೋಲಿಸಿ ನೋಡಿ. ಅದು ಯುಟಿಸಿ ಸಮಯ, ಐದೂವರೆ ಗಂಟೆ ಕೂಡಿಸಿಕೊಳ್ಳುವುದನ್ನು ಮರೆಯಬೇಡಿ.